ಅಪ್ಪನ ಎಲೆಚೀಲದಲ್ಲಿ ಉಳಿದ ಓಟಿನ ಕಾರ್ಡು

ಹುನಗುಂದದ ತಹಶೀಲ್ದಾರ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಕುಳಿತು ಇಪ್ಪತ್ತೆರಡು ವರ್ಷದಿಂದ ನಾನು ಜನರ ಅರ್ಜಿ ಬರೆಯುತ್ತಿದ್ದೇನೆ. ಮೊದಲು ಟೈಪ್ ಮಶೀನು ಇತ್ತು, ಈಗ ಕಂಪ್ಯೂಟರು, ಪಕ್ಕದಲ್ಲಿ ಒಂದು ಝೆರಾಕ್ಸು. ಹೊಲದ ಉತಾರ, ಜಾತಿ-ಆದಾಯ, ವಾರಸಾ, ಪಿಂಚಣಿ, ಪಾಸ್‌ಪೋರ್ಟು ಯಾವುದೇ ಇರಲಿ, ಯಾರ ಸಹಿ ಬೇಕು, ಎಷ್ಟು ಪ್ರತಿ ಬೇಕು, ಯಾವ ಕಿಟಕಿಗೆ ಕೊಡಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಒಂದು ಕಾಗದ ಬಿಟ್ಟು ಬಂದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. “ಹೊಲಕ್ಕ ಹೋಗುವಾಗ ಕುಡಗೋಲ ಮರೀತೀಯೇನು? ಮತ್ತ ಕಚೇರಿಗೆ ಬರುವಾಗ ಕಾಗದ ಹೆಂಗ ಮರತೀಲೇ?” ಎಂದು ಎಷ್ಟು ಮಂದಿಗೆ ಬೈದಿದ್ದೇನೋ! ಅವರು ನಗುತ್ತ ಮನೆಗೆ ಓಡಿ ತರುತ್ತಿದ್ದರು. ಇಂಥ ನನ್ನ ಕಡೆ, ಬೇಕಾದ ದಿನ, ಬೇಕಾದ ಒಂದೇ ಒಂದು ಕಾಗದ ಇರಲಿಲ್ಲ. ಓಡಿ ತರುವಷ್ಟು ಹತ್ತಿರವೂ ನಾನಿರಲಿಲ್ಲ.

ನನಗೊಬ್ಬ ತಮ್ಮ ಇದ್ದ. ನನಗಿಂತ ಹನ್ನೊಂದು ವರ್ಷ ಸಣ್ಣವನು. ಅವನನ್ನು ಎತ್ತಿ ಆಡಿಸಿದವನು ನಾನು, ಶಾಲೆಗೆ ಹೆಸರು ಹಚ್ಚಿದವನೂ ನಾನು. ಓದು ಅವನ ತಲೆಗೆ ಹೋಗಲಿಲ್ಲ. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟು ಕೊಯ್ದು ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಸೇರಿದ. ರವಿವಾರ ಬೇವೂರಿನ ಮನೆಗೆ ಬಂದರೆ ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ ಕೆಂಪು ಧೂಳು. ಅವ್ವ ಸೆರಗಿನಿಂದ ಒರೆಸುತ್ತ, “ಮದಿವಿ ಹುಡುಗಿ ನೋಡಾಕ ಹೋದಾಗ ಇದನ್ನಷ್ಟು ತೊಳಕೊಂಡು ಹೋಗಪಾ” ಎಂದು ಚಾಷ್ಟಿ ಮಾಡುತ್ತಿದ್ದಳು.

ಕಳೆದ ವರ್ಷ ಒಬ್ಬ ಗುತ್ತಿಗೆದಾರ ಭೂತಾನದಲ್ಲಿ ಯಾವುದೋ ದೊಡ್ಡ ಹೊಟೆಲ್ಲಿಗೆ ಕಲ್ಲು ಹಾಸುವ ಕೆಲಸ ಹಿಡಿದ. ಆರು ಮಂದಿಯನ್ನು ಕರೆದೊಯ್ಯುತ್ತೇನೆಂದ. ತಮ್ಮ ಕುಣಿದಾಡಿದ. ಪಾಸ್‌ಪೋರ್ಟಿನ ಅರ್ಜಿಯನ್ನು ನಾನೇ ತುಂಬಿದೆ. ಎದುರಿಗೆ ಸ್ಟೂಲಿನ ಮೇಲೆ ಕುಳಿತು ಅವನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

“ಅಣ್ಣಾ, ಇದರ ಕೂಡ ನಿಂದೂ ಒಂದ ತುಂಬಿ ಬಿಡೋ.”

“ನಾ ಎಲ್ಲಿ ಹೋಗಬೇಕಾಗೇತಿ? ಬೇವೂರು, ಹುನಗುಂದ, ಭಾಳ ಅಂದ್ರ ಬಾಗಲಕೋಟಿ.”

“ನನ್ನ ನೋಡಾಕ ಬರಬೇಕಂದ್ರ?”

“ನೀನ ಬಾರಲೇ” ಎಂದೆ. ಇಬ್ಬರೂ ನಕ್ಕೆವು.

ಅವನಿಗೆ ಪಾಸ್‌ಪೋರ್ಟು ಮಾಡಿಸಲು ಒಂದು ಕಾರಣವಿತ್ತು. ಭೂತಾನಕ್ಕೆ ನಮ್ಮವರು ಓಟಿನ ಕಾರ್ಡು ತೋರಿಸಿಯೂ ಹೋಗಬಹುದು, ಆದರೆ ಅವನ ಓಟಿನ ಕಾರ್ಡು ಮಣ್ಣಿನಲ್ಲಿತ್ತು. ನನ್ನದೂ ಅಲ್ಲೇ ಇತ್ತು.

ಅದು ಹೀಗೆ. ನಮ್ಮ ಅಪ್ಪ ಹಳೆಯ ಕಾಲದ ಯಜಮಾನ. ಮನೆಯ ಓಟು ಒಡೆಯಬಾರದು, ಕಾರ್ಡುಗಳು ಹಿರಿಯನ ಕೈಯಲ್ಲೇ ಇರಬೇಕು ಎಂಬುದು ಅವನ ಹಟ. ಓಟಿನ ದಿನ ಮುಂಜಾನೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಕಾರ್ಡು ಕೊಡುತ್ತಿದ್ದ, ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದ ಮೇಲೆ ಒಂದೊಂದಾಗಿ ಇಸಿದುಕೊಂಡು ತನ್ನ ಎಲೆಅಡಿಕೆ ಚೀಲದ ಒಳಜೇಬಿನಲ್ಲಿ ಇಡುತ್ತಿದ್ದ. ಆ ಚೀಲ ಅವನ ಸೊಂಟ ಬಿಟ್ಟು ಇಳಿದದ್ದನ್ನು ನಾನು ನೋಡಿಲ್ಲ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ. ನಾವು ಲಿಂಗವಂತರು, ಸತ್ತವರನ್ನು ಸುಡುವುದಿಲ್ಲ; ಕುಣಿ ತೋಡಿ, ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಕ್ರಿಯೆ ಮಾಡಿಸುವ ಅಯ್ಯನವರು “ಏನಾರ ಇಡೂದಿದ್ರ ಇಡ್ರಿ” ಎಂದಾಗ ಅವ್ವ ಮುಂದೆ ಬಂದು ಆ ಚೀಲವನ್ನು ಅಪ್ಪನ ತೊಡೆಯ ಮೇಲೆ ಇಟ್ಟಳು. “ಎಲಿ ಇಲ್ಲದ ಅವರಿಗೆ ಒಂದ ತಾಸೂ ಆಗೂದಿಲ್ಲ” ಎಂದು ಅತ್ತಳು. ಚೀಲದಲ್ಲಿ ಕಾರ್ಡುಗಳಿವೆ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಅವ್ವನ ಕಾರ್ಡೊಂದು ಮಾತ್ರ ಅವಳ ಪಿಂಚಣಿ ಅರ್ಜಿಗಾಗಿ ನನ್ನ ಮೇಜಿನ ಖಾನೆಯಲ್ಲಿ ಇದ್ದದ್ದರಿಂದ ಉಳಿಯಿತು.

ಮರುದಿನ ಅದು ಹೊಳೆದು ಅವ್ವ ಎದೆ ಬಡಿದುಕೊಂಡಳು. ನಾನೇ ಸಮಾಧಾನ ಮಾಡಿದೆ. “ಇರಲಿ ಬಿಡವ್ವ, ಅಪ್ಪ ಅಲ್ಲಿನೂ ನಮ್ಮ ಓಟ ಕಾಯಲಿ” ಎಂದೆ. ಸೂತಕದ ಮನೆಯಲ್ಲಿ ನಾಲ್ಕು ಮಂದಿ ನಕ್ಕರು. ಆಮೇಲೆ ಎರಡು ವರ್ಷ ನನ್ನ ಮೇಜಿನ ಮುಂದೆ ಬಂದವರಿಗೆಲ್ಲ ಇದನ್ನೇ ಚಾಷ್ಟಿ ಮಾಡಿ ಹೇಳಿದೆ. ಊರಮಂದಿಗೆಲ್ಲ ಹೊಸ ಕಾರ್ಡಿನ ಅರ್ಜಿ ತುಂಬಿದ ನಾನು ನನ್ನದೊಂದು ತುಂಬಲಿಲ್ಲ. ನಾಳೆ ಮಾಡಿದರಾಯಿತು, ಆಧಾರ್ ಇದೆಯಲ್ಲ ಎಂಬ ಸೊಕ್ಕು.

ಬುಧವಾರ ಮುಂಜಾನೆ ಫೋನು ಬಂತು. ತಮ್ಮನ ಜೊತೆ ಕೆಲಸಕ್ಕೆ ಹೋದ ಇಳಕಲ್ಲಿನ ಗೆಳೆಯ. ಕಲ್ಲು ಏರಿಸುವಾಗ ಹಗ್ಗ ಹರಿದು ಚಪ್ಪಡಿ ತಮ್ಮನ ಎದೆಯ ಮೇಲೆ ಬಿದ್ದಿದೆ, ಥಿಂಫುವಿನ ದೊಡ್ಡ ದವಾಖಾನೆಯಲ್ಲಿದ್ದಾನೆ, ಮಾತಾಡುತ್ತಾನೆ, ಆದರೆ ಡಾಕ್ಟರು ಮನೆಯವರನ್ನು ಲಗೂನ ಕರೆಸಿರಿ ಎಂದಿದ್ದಾರೆ ಎಂದ.

“ಅಣ್ಣಾರ, ಬರುವಾಗ ಓಟಿನ ಕಾರ್ಡರ ಪಾಸ್‌ಪೋರ್ಟರ ತರಬೇಕ್ರಿ. ಇಲ್ಲಿ ಗೇಟಿನ್ಯಾಗ ಬ್ಯಾರೆ ಏನೂ ನಡಿಯೂದಿಲ್ಲ.”

“ನನಗ ಕಾಗದ ಹೇಳಿಕೊಡಾಕ ಬಂದೇನು?” ಎಂದೆ ನಾನು. ಖರೆ, ಅಂಥ ಹೊತ್ತಿನಲ್ಲೂ ಹಾಗೆಂದೆ. “ಇಪ್ಪತ್ತ ವರ್ಷ ಆತಲೇ ಇದನ್ನ ಮಾಡಾಕತ್ತು. ಆಧಾರ್ ಇದ್ರ ಎಲ್ಲಾ ಆತು.”

ಮಾತಿಗೆ ಹಾಗೆಂದೆನಾದರೂ ಫೋನು ಇಟ್ಟವನೇ ಕಂಪ್ಯೂಟರಿನಲ್ಲಿ ಓಟರ ಪಟ್ಟಿ ತೆಗೆದು ನೋಡಿದೆ. ನಾನು ಬೇವೂರು ಬಿಟ್ಟು ಹೋದೆನೆಂದು ಬರೆದು ನನ್ನ ಹೆಸರನ್ನೇ ತೆಗೆದುಹಾಕಿದ್ದರು. ಹೋಗಲಿ, ಒಂದು ಕಾಗದದ ಬದಲು ಹತ್ತು ಕಾಗದ ಒಯ್ದರಾಯಿತು, ಯಾರು ಇಲ್ಲವೆನ್ನುತ್ತಾರೆ ಎಂದುಕೊಂಡೆ. ನಾನು ಬಲ್ಲ ವಿದ್ಯೆ ಅದೊಂದೇ. ಅವನು ನನ್ನ ಒಡಹುಟ್ಟಿದವನೆಂದು ತೋರಿಸಲು ವಂಶಾವಳಿ, ಅದಕ್ಕೆ ಊರಿನ ಲೆಕ್ಕಿಗ ತಲಾಟಿಯ ಸಹಿ, ಮೇಲೆ ನೋಟರಿಯ ಮುಂದೆ ಅಫಿಡವಿಟ್ಟು, ರೇಶನ್ ಕಾರ್ಡು, ರಹವಾಸಿ ದಾಖಲೆ. ಬುಧವಾರ ತಲಾಟಿ ಮೀಟಿಂಗಿಗೆಂದು ಬಾಗಲಕೋಟೆಗೆ ಹೋಗಿದ್ದರು. ಅಲ್ಲಿಗೇ ಹೋದೆ, ಸಿಗಲಿಲ್ಲ. ಬುಧವಾರ ಸಂಜೆಯ ಹೈದರಾಬಾದ್ ಬಸ್ಸು ಹೋಯಿತು. ಗುರುವಾರ ಮಧ್ಯಾಹ್ನ ಸಹಿ ಸಿಕ್ಕಿತು, ಗುರುವಾರ ಸಂಜೆಯ ಬಸ್ಸು ಹತ್ತಿದೆವು. ಆ ಒಂದು ದಿನವನ್ನು ನಾನು ಸಹಿ-ಸಿಕ್ಕೆಗಳಿಗಾಗಿ ಕಳೆದೆ.

ಅತ್ತ ಅವ್ವ ಆ ಒಂದು ದಿನ ಸುಮ್ಮನೆ ಕೂಡಲಿಲ್ಲ. ಶೇಂಗಾ ಹುರಿದು, ಬೆಲ್ಲ ಕೂಡಿಸಿ ಕುಟ್ಟಿ, ಶೇಂಗಾ ಹೋಳಿಗೆ ಮಾಡಿ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದ್ದಳು. “ಎದಿಗೆ ಪೆಟ್ಟಾದಂವ ಹೋಳಿಗಿ ತಿಂತಾನೇನವ್ವ?” ಎಂದೆ. “ನೆಟ್ಟಗಾದ ಮ್ಯಾಲೆ ತಿಂತಾನ. ಇವು ಹದಿನೈದ ದಿನ ಕೆಡೂದಿಲ್ಲ” ಎಂದಳು. ಚೊಳಚಗುಡ್ಡದ ಕಡೆ ಮುಖ ಮಾಡಿ ಬನಶಂಕರಿಗೆ ಕೈಮುಗಿದಳು. ಅವಳು ಅಲ್ಲಿಯವರೆಗೆ ನೋಡಿದ ದೂರದ ಊರೆಂದರೆ ಅದೇ.

ಹೈದರಾಬಾದಿನಿಂದ ವಿಮಾನ. ನನ್ನ ಆಧಾರ್ ನೋಡಿ ಒಳಗೆ ಬಿಟ್ಟರು. “ನೋಡಿದಿ ಅವ್ವ? ಕಾಗದ ನೆಟ್ಟಗಿದ್ರ ಆಕಾಶಕ್ಕೂ ಬಿಡ್ತಾರ” ಎಂದೆ. ಅವ್ವ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು, ಬಿಡಲೇ ಇಲ್ಲ. ವಿಮಾನ ಇಳಿದ ಊರಿನಿಂದ ಮುಂದೆ ಚಹಾ ತೋಟಗಳ ನಡುವೆ ನಾಲ್ಕೈದು ತಾಸು ಮೋಟಾರು. ಶುಕ್ರವಾರ ರಾತ್ರಿ ಗಡಿಯ ಈಚೆಯ ಪೇಟೆ ಜಯಗಾಂವ್ ಮುಟ್ಟುವಷ್ಟರಲ್ಲಿ ಗೇಟು ಮುಚ್ಚಿತ್ತು. ಶನಿವಾರ ಮುಂಜಾನೆ ಬಾಗಿಲು ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತೆವು.

ಗಡಿ ಎಂದರೆ ಬೆಟ್ಟವೋ ಹೊಳೆಯೋ ಇರಬೇಕೆಂದುಕೊಂಡಿದ್ದೆ. ಒಂದು ಗೋಡೆ, ಒಂದು ಗೇಟು, ಅಷ್ಟೇ. ಗೋಡೆಯ ಆಚೆಯ ಅಂಗಡಿಗಳು ಈಚೆಯಿಂದಲೇ ಕಾಣುತ್ತಿದ್ದವು. ಕೌಂಟರಿನಲ್ಲಿ ಕುಳಿತಿದ್ದ ಹರೆಯದ ಅಧಿಕಾರಿ, ಮೈಮೇಲೆ ಆ ದೇಶದ ಉದ್ದನೆಯ ನಿಲುವಂಗಿ. ನಾನು ನನ್ನ ಫೈಲು ಬಿಚ್ಚಿ ಒಂದೊಂದಾಗಿ ಕಾಗದ ಇಟ್ಟೆ. ಆಧಾರ್, ರೇಶನ್, ಪ್ಯಾನ್, ವಂಶಾವಳಿ, ಅಫಿಡವಿಟ್ಟು. ನನ್ನ ಮುರುಕು ಹಿಂದಿಯಲ್ಲಿ ವಿವರಿಸಿದೆ. ಅವನು ಎಲ್ಲವನ್ನೂ ಸಮಾಧಾನದಿಂದ ನೋಡಿದ, ಜೋಡಿಸಿ ನನ್ನತ್ತ ಸರಿಸಿದ.

“ಇವೆಲ್ಲ ನಿಮ್ಮ ದೇಶದೊಳಗಿನ ಕಾಗದ” ಎಂದ. “ಇಲ್ಲಿ ನೀವು ಹೊರಗಿನವರು. ಪಾಸ್‌ಪೋರ್ಟು, ಇಲ್ಲವೆ ಓಟಿನ ಕಾರ್ಡು. ಎರಡರಲ್ಲಿ ಒಂದು.”

ನಾನು ಸಣ್ಣವನಿದ್ದಾಗ ಅಲ್ಲ, ತಮ್ಮ ಸಣ್ಣವನಿದ್ದಾಗ, ಅಪ್ಪ ನಮ್ಮನ್ನು ಬಾದಾಮಿಗೆ ಕರೆದೊಯ್ದಿದ್ದ. ಗುಹೆಗಳ ಟಿಕೆಟಿನ ಕಿಟಕಿಯ ಮುಂದೆ ಕೆಂಪು ಮುಖದವರಿಬ್ಬರು ಕೊರಳಲ್ಲಿ ಜೋತಾಡುವ ಚೀಲದಿಂದ ಪಾಸ್‌ಪೋರ್ಟು ತೆಗೆದು ತೋರಿಸುತ್ತಿದ್ದರು. ನನ್ನ ಹೆಗಲ ಮೇಲೆ ಕುಳಿತ ತಮ್ಮ ಕೇಳಿದ್ದ, “ಅಣ್ಣಾ, ಅವರು ಯಾಕ ಪುಸ್ತಕ ತೋರಸ್ತಾರ?” “ಅವರು ಹೊರಗಿನವರಲೇ, ಅದಕ್ಕ.” “ನಾವು ಬ್ಯಾಡೇನು?” “ನಮ್ಮನ್ನ ಯಾರ ಕೇಳ್ತಾರ!” ಕೌಂಟರಿನ ಮುಂದೆ ನಿಂತಾಗ, ಯಾಕೋ ಏನೋ, ಅದೇ ನೆನಪಾಯಿತು.

ಬೇಡಿಕೊಂಡೆ. ಕೈಮುಗಿದೆ. ಸಾಯಲಿಕ್ಕೆ ಬಿದ್ದ ತಮ್ಮನ ಫೋಟೋ ತೋರಿಸಿದೆ. ಅಧಿಕಾರಿಗೆ ಕರುಣೆ ಇತ್ತು, ಇರಲಿಲ್ಲವೆಂದು ನಾನು ಸುಳ್ಳಾಡಲಾರೆ. ಈ ಎರಡೂ ಕಾಗದ ಇಲ್ಲದ ಭಾರತದವರಿಗೆ ಗುರುತಿನ ಚೀಟಿ ಕೊಡುವ ಭಾರತ ಸರ್ಕಾರದ್ದೇ ಕಚೇರಿ ಗೇಟಿನ ಹತ್ತಿರ ಇದೆ, ಆಧಾರ್ ನೋಡಿ ಕೊಡುತ್ತಾರೆ ಎಂದ. ಎಲ್ಲಿ, ಈಗಲೇ ಹೋಗುತ್ತೇನೆ ಎಂದೆ. “ಇಂದು ಶನಿವಾರ. ಸೋಮವಾರ ತೆಗೆಯುತ್ತಾರೆ. ನಿನ್ನೆ ಬಂದಿದ್ದರೆ ಆಗುತ್ತಿತ್ತು” ಎಂದ.

ನಿನ್ನೆ! ಬುಧವಾರದ ಬಸ್ಸು ಹತ್ತಿದ್ದರೆ ನಿನ್ನೆ ಮುಂಜಾನೆ ಇಲ್ಲಿರುತ್ತಿದ್ದೆ.

ಅವ್ವ ಬೆನ್ನ ಹಿಂದೆ ನಿಂತು “ಏನಂತಪಾ? ಏನಂತಾರ?” ಎಂದು ಕೇಳುತ್ತಲೇ ಇದ್ದಳು. ಫೈಲಿನ ತಳದಲ್ಲಿ ಅವಳ ಓಟಿನ ಕಾರ್ಡು ಇತ್ತು. ಅಧಿಕಾರಿ ಅದನ್ನು ಕಂಡು, ತಾಯಿಯವರು ಹೋಗಬಹುದು ಎಂದ. ಆಚೆ ಗುತ್ತಿಗೆದಾರನ ಡ್ರೈವರು ಕಾಯುತ್ತಿದ್ದ. ಕನ್ನಡ ಬಿಟ್ಟು ಒಂದಕ್ಷರ ತಿಳಿಯದ ಅವ್ವ, ಬೇರೆ ದೇಶಕ್ಕೆ, ಗುರುತಿಲ್ಲದವನ ಗಾಡಿಯಲ್ಲಿ, ಬೆಟ್ಟದ ದಾರಿ ಐದಾರು ತಾಸು.

“ನೀನೂ ಬಾರಪಾ” ಎಂದಳು.

ಆಗ ನನಗೆ ತಲೆ ಕೆಟ್ಟಿತು. ಮೂರು ದಿನದ ಹೆದರಿಕೆ, ನಿದ್ದೆ ಇಲ್ಲದ ಮೈ, ನನ್ನದೇ ತಪ್ಪಿನ ಉರಿ, ಎಲ್ಲ ಕೂಡಿ ಬಾಯಿಗೆ ಬಂತು. ಅಷ್ಟು ಮಂದಿಯ ನಡುವೆ ಒದರಿದೆ.

“ಹೆಂಗ ಬರ್ಲಿ? ನನ್ನ ಕಾರ್ಡ ಎಲ್ಲೈತಿ? ನೀನ ಅಲ್ಲೇನು ಕುಣ್ಯಾಗ ಹಾಕಿದಾಕಿ? ಎಲಿಚೀಲ ಇಡ್ತಾಳಂತ ಎಲಿಚೀಲ! ಸತ್ತಂವಗ ಎಲಿ ಬೇಕಾಗಿತ್ತೇನು? ನಿನ್ನ ಕಾಲಾಗ ನಾ ನನ್ನ ತಮ್ಮನ ಮಾರಿ ನೋಡದಂಗಾತು!”

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಕಾರ್ಡು ಇಸಿದುಕೊಂಡು, ಸೆರಗು ಹೊದ್ದು ಸಾಲಿನಲ್ಲಿ ಮುಂದೆ ಹೋದಳು. ನಾನು ಒಂದು ಹಾಳೆಯಲ್ಲಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ‘ಇವರಿಗೆ ಕನ್ನಡ ಮಾತ್ರ ಬರುತ್ತದೆ, ದಯವಿಟ್ಟು ಮಗನ ಹಾಸಿಗೆಯ ಹತ್ತಿರ ಮುಟ್ಟಿಸಿರಿ’ ಎಂದು ಬರೆದು ಓಡಿಹೋಗಿ ಕೈಯಲ್ಲಿ ತುರುಕಿದೆ. ಒಳಗೆ ಮೇಜಿನ ಹತ್ತಿರ ಚೀಲ ಬಿಚ್ಚಿ ತೋರಿಸಲು ಹೇಳಿದರು. ಅವ್ವ ಬಿಳಿ ಅರಿವೆಯ ಗಂಟು ಬಿಚ್ಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. “ಶೇಂಗಾ ಹೋಳಿಗಿ ಅದಾವ್ರಿ. ಬ್ಯಾರೆ ಏನೂ ಇಲ್ರಿ” ಎಂದದ್ದು ಕೇಳಿಸಿತು. ಅವರಿಗೆ ಏನು ತಿಳಿಯಿತೋ, ಹೋಗಲು ಕೈಸನ್ನೆ ಮಾಡಿದರು. ಅವ್ವ ಹಿಂತಿರುಗಿ ನೋಡಲಿಲ್ಲ. ನಾನು ಗೋಡೆಗುಂಟ ನಡೆದು ಒಂದು ಕಿಂಡಿಯಲ್ಲಿ ಇಣುಕಿದೆ. ಡ್ರೈವರು ಗಾಡಿಯ ಬಾಗಿಲು ತೆಗೆದ, ಅವಳು ಚಪ್ಪಲಿ ಹೊರಗೆ ಬಿಟ್ಟು ಹತ್ತಿದಳು. ಅವನು ನಕ್ಕು, ಚಪ್ಪಲಿ ಎತ್ತಿ ಒಳಗಿಟ್ಟ.

ಶನಿವಾರ ಪೂರ್ತಿ ಗೇಟಿನ ಮುಂದೆಯೇ ಕುಳಿತಿದ್ದೆ. ಸಂಜೆ ಗೆಳೆಯ ಫೋನು ಮಾಡಿ ಅವ್ವ ಮುಟ್ಟಿದಳೆಂದ. “ಅವ್ವಗ ಕೊಡು” ಎಂದೆ. ಅವಳು “ಹೂಂ, ಮುಟ್ಟೀನಿ. ಉಂಡೇನು?” ಎಂದು ಕೇಳಿದಳು. ಅವ್ವಾ ತಪ್ಪಾತು ಎನ್ನಬೇಕೆಂದಿದ್ದವನು “ಉಂಡೇನಿ” ಎಂದು ಸುಳ್ಳು ಹೇಳಿದೆ. ತಮ್ಮನ ಕಿವಿಗೆ ಫೋನು ಹಿಡಿ ಎಂದೆ. ಬಾಯಿಗೆ ಹವಾ ಕೊಡುವ ಮುಖವಾಡ ಹಾಕಿದ್ದರು, ಮಾತು ಹೊರಡುವುದಿಲ್ಲ ಎಂದರು. ನಾನು “ಸೋಮವಾರ ಬರ್ತೇನಿ, ತಡಿಲೇ, ಎರಡ ದಿನ ತಡಿ” ಎಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ.

ತಡೆಯಲಿಲ್ಲ. ರವಿವಾರ ಮಧ್ಯಾಹ್ನ ಹೋಗಿಬಿಟ್ಟ.

ಸೋಮವಾರ ಕಚೇರಿ ತೆರೆಯಿತು. ಆಧಾರ್ ನೋಡಿದರು, ಫೋಟೋ ಅಂಟಿಸಿ ಸಿಕ್ಕೆ ಒತ್ತಿ ಚೀಟಿ ಕೊಟ್ಟರು. ಇಪ್ಪತ್ತು ಮಿನಿಟಿನ ಕೆಲಸ. ಅದೇ ಅಧಿಕಾರಿ ಚೀಟಿ ನೋಡಿ, “ನಿಮ್ಮ ತಮ್ಮ ಹೇಗಿದ್ದಾರೆ?” ಎಂದು ಕೇಳಿದ. ಹೇಳಿದೆ. ಅವನು ಎದ್ದು ನಿಂತುಬಿಟ್ಟ.

ದವಾಖಾನೆಯ ತಣ್ಣನೆಯ ಕೋಣೆಯಲ್ಲಿ ತಮ್ಮನ ಮುಖ ನೋಡಿದೆ. ಯಾರೋ ಚೆನ್ನಾಗಿ ತೊಳೆದಿದ್ದರು. ಹುಬ್ಬಿನಲ್ಲಿ ಧೂಳಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಅವ್ವ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳ ಪಕ್ಕದಲ್ಲಿ ಕುಳಿತು ಹುಚ್ಚನಂತೆ ಅತ್ತೆ. ಅವಳು ಬೆನ್ನು ಸವರಿದಳು. ಆಮೇಲೆ ತಾನೇ ಹೇಳಿದಳು.

“ನಿನ್ನಿ ಮುಂಜಾನೆ ಎಚ್ಚರಿದ್ದ. ಮುಖವಾಡ ಸರಿಸಿ, ಅಣ್ಣ ಎಲ್ಲದಾನ ಅಂದ. ಗೇಟಿನ್ಯಾಗ ನಿಂತಾನಪಾ ಅಂದೆ. ನಿಮ್ಮಪ್ಪನ ಎಲಿಚೀಲ ನಾನ ಕುಣ್ಯಾಗ ಇಟ್ಟಿದ್ದೆ, ಅದರಾಗ ಅಣ್ಣನ ಕಾರ್ಡ ಹೋತು, ಅದಕ್ಕ ಅವನ್ನ ಬಿಡವಲ್ರು, ನಂದ ತಪ್ಪು ಅಂದೆ. ನಕ್ಕ. ಅಪ್ಪಗ ಎಲಿ ಬೇಕಲ್ಲವಾ, ಚಲೋ ಮಾಡಿದಿ ಅಂದ.” ಮತ್ತೆ, “ಅಣ್ಣ ಬೈದನೇನು ನಿನಗ ಅಂತ ಕೇಳಿದ. ಇಲ್ಲಪಾ, ಅಂವ ಯಾಕ ಬೈತಾನ ಅಂದೆ” ಎಂದಳು.

ಹೆಣದ ಪೆಟ್ಟಿಗೆಯನ್ನು ಊರಿಗೆ ತರಲು ಬೇಕಾದ ಕಾಗದಗಳನ್ನು ಮಾಡಿಸಿದೆ. ಮರಣದ ದಾಖಲೆ, ಪೊಲೀಸರದು, ಎರಡೂ ದೇಶದವರದು. ಒಂದೂ ತಪ್ಪಲಿಲ್ಲ. ಗೇಟಿನಲ್ಲಿ ಅವನ ಪಾಸ್‌ಪೋರ್ಟನ್ನು ನಾನೇ ಕೈಯಲ್ಲಿ ಹಿಡಿದು ತೋರಿಸಿದೆ. ಹೈದರಾಬಾದಿನಿಂದ ಆಂಬುಲೆನ್ಸು ಇಳಕಲ್ಲಿನ ಮೇಲೆಯೇ ಹಾಯ್ದು ಬಂತು. ರಸ್ತೆಯ ಎರಡೂ ಬದಿ ಕೆಂಪು ಕಲ್ಲು ಒಟ್ಟಿದ್ದರು. ಕೆಲಸದವರು ಮಶೀನು ಬಂದ್ ಮಾಡಿ ಬಂದು ನಿಂತಿದ್ದರು.

ಬೇವೂರಿನಲ್ಲಿ ಅಪ್ಪನ ಮಗ್ಗುಲಿಗೇ ಕುಣಿ ತೋಡಿಸಿದೆವು. ದೂರದಿಂದ ಬಂದ, ಸೆಟೆದ ದೇಹವನ್ನು ಕುಳ್ಳಿರಿಸಲಾಗಲಿಲ್ಲ, ಮಲಗಿಸಿಯೇ ಇಳಿಸಬೇಕಾಯಿತು. ಅಯ್ಯನವರು ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ-ಪತ್ರಿ ಏರಿಸಿ, ಮೇಲೆ ನೋಡಿ, “ಏನಾರ ಇಡೂದಿದ್ರ ಇಡ್ರಿ” ಎಂದರು.

ಅವ್ವ ಮುಂದೆ ಬಂದಳು. ಎದೆಗವಚಿಕೊಂಡಿದ್ದ ಬಿಳಿ ಗಂಟನ್ನು ಕುಣಿಯತ್ತ ಚಾಚಿದವಳು ಗಕ್ಕನೆ ನಿಂತು, ನನ್ನ ಕಡೆ ತಿರುಗಿದಳು. ಹತ್ತಿರ ಬಂದು, ಗಂಟು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು ನನಗೆ ತೋರಿಸಿದಳು. ಹೋಳಿಗೆಗಳನ್ನು ಒಂದೊಂದಾಗಿ ಸರಿಸಿ ತಳ ಕಾಣಿಸಿದಳು.

“ನೋಡಪಾ. ಹೋಳಿಗಿ ಅಷ್ಟ ಅದಾವ. ಕಾಗದ ಏನೂ ಇಲ್ಲ” ಎಂದಳು. “ಇಡ್ಲೇನು?”